ನ್ಯಾಟ್ ಮತ್ತು ಅಜೀತ್: ಒಂದೇ ಪ್ರಮಾಣದ ಎರಡು ಪ್ರತಿಕೃತಿಗಳು

ಯಂತ್ರವೊಂದು ಹೊಸ ರೂಪವನ್ನು ತಾಳಿತೆಂದರೆ ಹಳೆಯ ರೂಪದಲ್ಲಿ ಯಾವುದೋ ಕೊರತೆ ಕಂಡುಬಂದಿತ್ತೆಂದೇ ತಿಳಿಯಬೇಕು. ಆ ಕೊರತೆ ಯಾವುದು, ಅದನ್ನು ನೀಗಿದ ಬಗೆ ಹೇಗೆ ಎಂಬುದನ್ನು ಅರಿಯಲು ಒಂದು ಸುಲಭೋಪಾಯವುಂಟು. ಹಳೆಯದು ಹೊಸದು ಎರಡರ ಪ್ರತಿಕೃತಿಗಳನ್ನೂ ಒಂದೇ ಪ್ರಮಾಣದಲ್ಲಿ ಕೈಯಾರೆ ಮಾಡಿ ಅಕ್ಕಪಕ್ಕದಲ್ಲಿರಿಸಿ ನೋಡುವುದೇ ಆ ಉಪಾಯ. ಇದಕ್ಕೆ ತಕ್ಕ ನಿದರ್ಶನ ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲೇ ದೊರೆಯುತ್ತದೆ. ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನ ಮತ್ತು ಅದರಿಂದಲೇ ಹುಟ್ಟಿದ ಅಜೀತ್ ಆ ಜೋಡಿ.

ಎರಡು ವಿಮಾನಗಳ ವೃತ್ತಾಂತ

ಯುದ್ಧವಿಮಾನಗಳು ವರ್ಷವರ್ಷಕ್ಕೂ ಭಾರವಾಗುತ್ತ, ದುಬಾರಿಯಾಗುತ್ತ ಹೋಗುತ್ತಿದ್ದ ಕಾಲದಲ್ಲಿ ಬ್ರಿಟನ್ನಿನ ಪೆಟರ್ ಎಂಬ ವಿನ್ಯಾಸಕಾರನು ಅದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದನು. ಅವನು ಫೋಲೆಂಡ್ ಸಂಸ್ಥೆಯಲ್ಲಿ ರೂಪಿಸಿದ ನ್ಯಾಟ್ 1955ರಲ್ಲಿ ಮೊದಲು ಹಾರಿತು. ಅದರ ರೆಕ್ಕೆಯ ತುದಿಯಿಂದ ತುದಿಗೆ 6.73 ಮೀಟರು ಮಾತ್ರ. ಬರಿಯ ವಿಮಾನದ ತೂಕ ಸುಮಾರು 2,175 ಕಿಲೋಗ್ರಾಂ. ಭಾರತವು 1956ರಲ್ಲಿ ಇದರ ನಿರ್ಮಾಣದ ಹಕ್ಕನ್ನು ಪಡೆಯಿತು. ಬೆಂಗಳೂರಿನಲ್ಲಿ ಜೋಡಿಸಿದ ಮೊದಲ ನ್ಯಾಟ್ 1959ರಲ್ಲಿ ಹಾರಿತು. ನಿರ್ಮಾಣವು 1974ರ ವರೆಗೆ ನಡೆಯಿತು. 1965 ಮತ್ತು 1971ರ ಯುದ್ಧಗಳಲ್ಲಿ ಅದು ಹೆಸರು ಗಳಿಸಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಹೋರಾಡುತ್ತ ಮಡಿದು ಪರಮವೀರ ಚಕ್ರವನ್ನು ಪಡೆದ ನಿರ್ಮಲ್‌ಜೀತ್ ಸಿಂಗ್ ಸೆಖೋನರು ನಡೆಸುತ್ತಿದ್ದುದೂ ನ್ಯಾಟ್ ವಿಮಾನವನ್ನೇ.

ಕೀರ್ತಿಯ ಜೊತೆಗೆ ನ್ಯಾಟ್‌ಗೆ ದೋಷಗಳೂ ಇದ್ದುವು. ಇಂಧನ ಕಡಿಮೆ, ಆದುದರಿಂದ ದೂರ ಹೋಗಲಾರದು. ಮೂಗನ್ನು ಮೇಲಕ್ಕೂ ಕೆಳಕ್ಕೂ ಆಡಿಸುವ ನಿಯಂತ್ರಣ ವ್ಯವಸ್ಥೆಯು ಪೈಲಟರಿಗೆ ಆಗಾಗ ತೊಂದರೆ ಕೊಡುತ್ತಿತ್ತು. ಇವನ್ನು ತಿದ್ದಿ ನಮ್ಮ ಎಂಜಿನಿಯರುಗಳು ರೂಪಿಸಿದ ಅಜೀತ್ 1975ರಲ್ಲಿ ಮೊದಲು ಹಾರಿತು. 1991ರಲ್ಲಿ ವಾಯುಪಡೆಯ ಸೇವೆಯಿಂದ ನಿವೃತ್ತವಾಯಿತು.

ಪ್ರಮಾಣದ ಗಣಿತ

ಪ್ರತಿಕೃತಿಗಳಿಗೆ 1/72 ಪ್ರಮಾಣವು ಬಹಳ ಪ್ರಚಾರದಲ್ಲಿದೆ. ಆರು ಅಡಿಯ ಮನುಷ್ಯನು ಇದರಲ್ಲಿ ಒಂದು ಅಂಗುಲವಾಗುತ್ತಾನೆ. ನ್ಯಾಟ್‌ನ ರೆಕ್ಕೆಯ ಹರವು 9.35 ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಉದ್ದವು 72 ಪಾಲು ಕುಗ್ಗಿದಾಗ ವಿಸ್ತೀರ್ಣವು 72ರ ವರ್ಗದಷ್ಟು, ಎಂದರೆ 5,184 ಪಾಲು ಕುಗ್ಗುವುದು. ಗಾತ್ರವಾದರೋ 72ರ ಘನದಷ್ಟು, ಎಂದರೆ 3,73,248 ಪಾಲು ಕುಗ್ಗುವುದು. 12.69 ಚದರ ಮೀಟರಿನ ರೆಕ್ಕೆ ಸುಮಾರು 24.5 ಚದರ ಸೆಂಟಿಮೀಟರಾಗುತ್ತದೆ. 2,175 ಕಿಲೋಗ್ರಾಮಿನ ತೂಕವನ್ನು ಇದೇ ಲೆಕ್ಕದಲ್ಲಿ ಇಳಿಸಿದರೆ ಉಳಿಯುವುದು ಆರು ಗ್ರಾಮಿಗಿಂತಲೂ ಕಡಿಮೆ!

ತೇಗದ ಗಟ್ಟಿ ತುಂಡಿನಿಂದ ಕೆತ್ತಿದ ಪ್ರತಿಕೃತಿ ಇದಕ್ಕಿಂತ ಹೆಚ್ಚೇ ತೂಗುವುದು. ಲೋಹದ ವಿಮಾನಕ್ಕಿಂತ ಮರದ ಬೊಂಬೆ ಹೇಗೆ ಭಾರವಾಯಿತು? ವಿಮಾನವು ಬಹುಮಟ್ಟಿಗೆ ಟೊಳ್ಳು. ತೆಳುವಾದ ಲೋಹದ ಹೊದಿಕೆಯೊಳಗೆ ಹೆಚ್ಚಾಗಿ ಗಾಳಿಯೇ ಇದೆ. ಭೀಮಾ ತೀರದ ಸೊನ್ನ, ಅಫಜಲಪುರ, ಜೇವರ್ಗಿಗಳ ಕಡೆ ಮಕ್ಕಳು ಜೋಳದ ದಂಟಿನಿಂದ ಬಂಡಿ ಕಟ್ಟಿ ಆಡುವುದುಂಟು. ಆ ದಂಟಿನ ಬೆಂಡು ಮತ್ತು ತೆಳುವಾದ ರಟ್ಟು, ಇವಿಷ್ಟರಿಂದ ಮಾಡಿದ ವಿಮಾನವು ತೂಕದಲ್ಲಿ ತೇಗದ್ದಕ್ಕಿಂತ ನಿಜಕ್ಕೆ ಸಮೀಪವಾಗಿರುವುದು. ಕಾಲೇಜಿನ ತಕ್ಕಡಿಯಲ್ಲಿ ಇದನ್ನು ಪರೀಕ್ಷಿಸಬಹುದು.

ಸೂಕ್ಷ್ಮ ವಿವರಗಳಿಗೂ ಇದೇ ನಿಯಮ. ಹತ್ತನೆಯ ಒಂದು ಮಿಲಿಮೀಟರು ದಪ್ಪದ ಬಣ್ಣವು ನಿಜವಿಮಾನದ ಮೇಲೆ ಏಳು ಮಿಲಿಮೀಟರಿನ ಗಾರೆಯಂತಾಯಿತು. ತಗಡುಗಳ ಸಂದನ್ನು ತೋರಿಸಲು ಅರ್ಧ ಮಿಲಿಮೀಟರಿನ ಗೀರು ಹಾಕಿದರೆ, ಮೂರೂವರೆ ಸೆಂಟಿಮೀಟರಿನ ಬಿರುಕಾಯಿತು! ಬಣ್ಣವನ್ನು ತೆಳುವಾಗಿ ಹಚ್ಚಿ, ಸಂದುಗಳನ್ನು ಚೂಪಾದ ಪೆನ್ಸಿಲಿನಿಂದ ಗುರುತಿಸುವುದು ಲೇಸು.

ವ್ಯತ್ಯಾಸಗಳು ಎಲ್ಲಿ?

ಮೊದಲು ಮೂರು ನೋಟಗಳ ನಕ್ಷೆಯನ್ನು ಸಂಪಾದಿಸಿ, ಅದರ ರೆಕ್ಕೆಯ ಹರವನ್ನು ಅಳೆದು, 9.35 ಸೆಂಟಿಮೀಟರಿಗೆ ಹೊಂದಿಸಿಕೊಳ್ಳಬೇಕು. ಇಬ್ಬರು ಕೂರುವ ತರಬೇತಿ ನ್ಯಾಟ್‌ನ ನಕ್ಷೆಯನ್ನು ಬಳಸಲಾಗದು. ಅದರ ರೆಕ್ಕೆಯೇ ದೊಡ್ಡದು, ಹರವು 7.32 ಮೀಟರು. ನ್ಯಾಟ್ ಮತ್ತು ಅಜೀತ್‌ಗಳಿಗಾದರೋ ರೆಕ್ಕೆಯ ಹರವೂ ವಿಸ್ತೀರ್ಣವೂ ಒಂದೇ. ಆದುದರಿಂದ ಒಂದೇ ರಟ್ಟಿನ ಅಚ್ಚಿನಿಂದ ಎರಡಕ್ಕೂ ರೆಕ್ಕೆ ಕತ್ತರಿಸಬಹುದು.

ಹಾಗಾದರೆ ಬದಲಾದುದೇನು? ನ್ಯಾಟ್‌ನಲ್ಲಿ ಇಂಧನವು ಒಡಲಿನ ತೊಟ್ಟಿಗಳಲ್ಲಿತ್ತು. ದೂರ ಹೋಗಬೇಕಾದರೆ ರೆಕ್ಕೆಗಳಡಿ ಬೇರೆ ತೊಟ್ಟಿಗಳನ್ನು ತೂಗುಹಾಕಬೇಕಾಗಿತ್ತು. ಅವು ಆಯುಧಗಳ ಜಾಗವನ್ನು ಆಕ್ರಮಿಸುತ್ತಿದ್ದುವು, ಗಾಳಿಯ ತಡೆಯನ್ನೂ ಹೆಚ್ಚಿಸುತ್ತಿದ್ದುವು. ಅಜೀತ್‌ನಲ್ಲಿ ರೆಕ್ಕೆಯ ಟೊಳ್ಳನ್ನೇ ಸೋರದಂತೆ ಮುಚ್ಚಿ ತೊಟ್ಟಿಯಾಗಿ ಮಾಡಿದರು. ರೆಕ್ಕೆಯ ಹೊರ ಆಕಾರ ಬದಲಾಗಲಿಲ್ಲ. ಒಳಗಿನ ಬರಿದಾದ ಜಾಗ ಉಪಯೋಗಕ್ಕೆ ಬಂದಿತು, ಕೆಳಗಿನ ಜಾಗ ಆಯುಧಗಳಿಗೆ ತೆರವಾಯಿತು. ಪ್ರತಿಕೃತಿಯಲ್ಲಿ ನ್ಯಾಟ್‌ನ ಕೆಳಗೆ ಎರಡು ತೊಟ್ಟಿಗಳನ್ನೂ, ಅಜೀತ್‌ನ ಕೆಳಗೆ ನಾಲ್ಕು ಆಯುಧಗಳನ್ನೂ ತೂಗಿಸಿ, ಅಜೀತ್‌ನ ಒಂದು ರೆಕ್ಕೆಯ ಮೇಲೆ ತೊಟ್ಟಿಯಿರುವ ಭಾಗಕ್ಕೆ ಬೇರೆ ಬಣ್ಣ ಹಚ್ಚಿದರೆ ನೋಡುವವರಿಗೆ ಕಾರಣವೂ ತಿಳಿಯುವುದು.

ಎರಡನೆಯ ವ್ಯತ್ಯಾಸ ಪೈಲಟನ ಆಸನದಲ್ಲಿದೆ. ಅಪಾಯಕಾಲದಲ್ಲಿ ಪೈಲಟನನ್ನು ಹೊರಕ್ಕೆ ಚಿಮ್ಮಿಸುವ ಹಳೆಯ ಹಗುರ ಆಸನದ ಬದಲು ಅಜೀತ್‌ನಲ್ಲಿ ಮಾರ್ಟಿನ್-ಬೇಕರ್ ಆಸನವನ್ನು ಅಳವಡಿಸಿದರು. ಪ್ರತಿಕೃತಿಯಲ್ಲಿ ಇದು ಒಂದೂವರೆ ಸೆಂಟಿಮೀಟರಿನ ವಸ್ತು. ವಿಮಾನದಲ್ಲಿ ಒಬ್ಬನ ಪ್ರಾಣದ ಪ್ರಶ್ನೆ. ನಿಯಂತ್ರಣ ವ್ಯವಸ್ಥೆಯ ಸುಧಾರಣೆಯಂತೂ ಹೊರಗೆ ಕಾಣುವಂಥದೇ ಅಲ್ಲ. ಅದನ್ನು ಪಕ್ಕದ ಚೀಟಿಯಲ್ಲಿ ಬರೆದು ತಿಳಿಸಬೇಕು.

ಪ್ರತಿಕೃತಿಯ ಮಿತಿ

ಆಕಾರ ಒಂದೇ ಆದರೆ ಹಾರುವ ಗುಣವೂ ಒಂದೇ ಎನ್ನುವಂತಿಲ್ಲ. ಗಾಳಿಗೂ ಸ್ನಿಗ್ಧತೆಯುಂಟು. ಆಕಾರವು 72 ಪಾಲು ಚಿಕ್ಕದಾದಾಗ, ಅದೇ ಗಾಳಿಯಲ್ಲಿ ಪ್ರವಾಹವು ಮೊದಲಿನಂತೆಯೇ ಇರಬೇಕಾದರೆ ವೇಗವು 72 ಮಡಿ ಹೆಚ್ಚಬೇಕು. ಅಷ್ಟು ವೇಗದಲ್ಲಿ ಗಾಳಿಯ ನಡತೆಯೇ ಬೇರೆಯಾಗುವುದು. ಆದಕಾರಣ ಎಂಜಿನಿಯರುಗಳು ವಾತಸುರಂಗಗಳಲ್ಲಿ ದೊಡ್ಡ ಪ್ರತಿಕೃತಿಗಳನ್ನೇ ಬಳಸುತ್ತಾರೆ. ಬೆಂಗಳೂರಿನಲ್ಲಿಯೇ ರೂಪುಗೊಂಡ ಮಾರುತ್ ಯುದ್ಧವಿಮಾನಕ್ಕಾಗಿ ಪೂರ್ಣ ಗಾತ್ರದ ಮರದ ಗ್ಲೈಡರನ್ನೇ ಕಟ್ಟಿ, 1959ರಲ್ಲಿ ಡಕೋಟಾ ವಿಮಾನದಿಂದ ಎಳೆದೊಯ್ದು ಹಾರಿಸಿ ಪರೀಕ್ಷಿಸಿದರು. ಮಾರುತ್ ತಾನೇ ಹಾರಿದುದು 1961ರಲ್ಲಿ.

ನಮ್ಮ ಪುಟ್ಟ ಪ್ರತಿಕೃತಿಗಳಿಂದ ಹಾರಾಟದ ಪರೀಕ್ಷೆ ಸಾಧ್ಯವಿಲ್ಲ; ಅವುಗಳ ಪ್ರಯೋಜನ ಬೇರೆ. ಎರಡನ್ನೂ ಮಾಡಿ ಮುಗಿಸಿದ ವಿದ್ಯಾರ್ಥಿಯು ಬೆಂಗಳೂರಿಗೆ ಹೋದಾಗ ವಿಮಾನ ಕಾರ್ಖಾನೆಯ ಸಂಗ್ರಹಾಲಯದಲ್ಲಿರುವ ಅಜೀತ್‌ನ್ನು ನೋಡಲಿ. ಅದರ ರೆಕ್ಕೆಯ ಕೆಳಗೆ ನಿಂತಾಗ ಹೊಳೆಯುವ ಲೋಹದ ಜೊತೆಗೆ ಅದರೊಳಗಿನ ಇಂಧನದ ತೊಟ್ಟಿಯೂ, ಅದನ್ನು ಅಲ್ಲಿ ಇರಿಸಲು ಕಾರಣವಾದ ಹಿಂದಿನ ಕೊರತೆಯೂ ಅವನ ಮನಸ್ಸಿಗೆ ಗೋಚರಿಸುವುವು.