ಕ್ರೂರ ಧಣಿಯ ಸೇವೆ: ಇರುವ ಬಗೆಯೂ ಬಿಡುವ ಬಗೆಯೂ

ಸೇವಾವೃತ್ತಿಯನ್ನು ನಮ್ಮ ಪೂರ್ವಿಕರು ಅಷ್ಟಾಗಿ ಕೊಂಡಾಡಿದವರಲ್ಲ. ಮನುಸ್ಮೃತಿಯು ಅದನ್ನು ಶ್ವವೃತ್ತಿಯೆಂದೇ ಕರೆದಿದೆ. ಆದರೆ ಆ ಮಾತನ್ನು ಹಿಡಿದು ಇಂದು ಸಂಸಾರ ನಡೆಯಿಸುವುದು ಶಕ್ಯವಿಲ್ಲ. ಈಗ ಕಡಬ ತಾಲೂಕಿಗೆ ಸೇರಿರುವ ನಮ್ಮ ಸವಣೂರಿನಂಥ ಗ್ರಾಮದಲ್ಲಿ, ಅಡಕೆಯ ತೋಟವುಳ್ಳ ಮನೆಗಳಲ್ಲಿ ಸಹ, ಮಕ್ಕಳಲ್ಲಿ ಒಬ್ಬರಾದರೂ ಮಂಗಳೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಕೊಲ್ಲಿಯ ದೇಶಗಳಲ್ಲಿಯೋ ಸಂಬಳಕ್ಕೆ ದುಡಿಯುವುದು ಸಾಮಾನ್ಯವಾಗಿದೆ. ಸೇವೆಯ ಹಣವು ಮನೆಗೆ ಬರುವಂತೆಯೇ ಸೇವೆಯ ನೋವೂ ಮನೆಗೆ ಬರುತ್ತದೆ. ಕಚೇರಿಯಲ್ಲಿ ಮೇಲಧಿಕಾರಿಯು ಆಡಿದ ಒಂದು ಕೆಟ್ಟ ಮಾತು ಘಟ್ಟವನ್ನಿಳಿದು ಬಂದು ಚಾವಡಿಯಲ್ಲಿ ಕುಳಿತ ತಾಯಿತಂದೆಗಳ ಊಟವನ್ನು ಕೆಡಿಸುವುದನ್ನು ವಾಚಕರಲ್ಲಿ ಅನೇಕರು ಬಲ್ಲರು.

ಇಂಥ ಪ್ರಸಂಗದಲ್ಲಿ ಎರಡು ವಿಧವಾದ ಉಪದೇಶಗಳು ಹೊರಡುವುದುಂಟು. ಹಿರಿಯರು "ತಾಳಿದವನು ಬಾಳಿಯಾನು" ಎಂದು ಹೇಳಿ ಸುಮ್ಮನಿರಿಸುತ್ತಾರೆ. ಸಂಗಡಿಗರು "ರಾಜೀನಾಮೆಯನ್ನು ಅವನ ಮುಖದ ಮೇಲೆ ಎಸೆದು ಬಾ" ಎಂದು ಹುರಿದುಂಬಿಸುತ್ತಾರೆ. ಮೊದಲನೆಯವರು ಎಷ್ಟು ದಿನ ತಾಳಬೇಕೆಂಬುದನ್ನು ಹೇಳುವುದಿಲ್ಲ. ಎರಡನೆಯವರು ಮರುತಿಂಗಳಿನ ಅಕ್ಕಿಯ ಹಣ ಎಲ್ಲಿಂದ ಬರುವುದೆಂಬುದನ್ನು ಹೇಳುವುದಿಲ್ಲ. ಇವೆರಡರ ನಡುವೆ ಒಂದು ಮಾರ್ಗವುಂಟು. ಬಿಡಬೇಕೆಂದು ನಿಶ್ಚಯಿಸಿ, ಬಿಡುವ ಕಾಲವನ್ನು ಗೊತ್ತುಮಾಡಿ, ಆ ದಿನದವರೆಗೆ ಮಾನವನ್ನೂ ಕೆಲಸವನ್ನೂ ಕೆಡಿಸಿಕೊಳ್ಳದೆ ಇರುವುದೇ ಆ ಮಾರ್ಗ. ಅದನ್ನು ನಡೆಯಲು ಮನೆಮಂದಿಯೆಲ್ಲರ ಸಹಾಯ ಬೇಕೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

ನಿಷ್ಠುರನಾರು, ಕ್ರೂರನಾರು?

ಮೊದಲು ಒಂದು ವಿವೇಚನೆಯು ಅವಶ್ಯವಾದುದು. ಗದರಿಸುವ ಅಧಿಕಾರಿಗಳೆಲ್ಲರೂ ದುಷ್ಟರಲ್ಲ. ನಿಷ್ಠುರನಾದವನು ಲೆಕ್ಕದಲ್ಲಿ ತಪ್ಪು ಕಂಡರೆ ಆ ತಪ್ಪನ್ನು ಆಕ್ಷೇಪಿಸುತ್ತಾನೆ. ತಿದ್ದಿದ ಮೇಲೆ ಮರೆಯುತ್ತಾನೆ. ಇಂಥವನ ಕೈಕೆಳಗೆ ಎರಡು ವರ್ಷ ದುಡಿದವನು ಬೇರೆಲ್ಲಿಯೂ ಕಲಿಯಲಾರದಷ್ಟನ್ನು ಕಲಿಯುತ್ತಾನೆ. ಕ್ರೂರನಾದವನಾದರೋ ತಪ್ಪು ಮಾಡಿದವನನ್ನೇ ಹೀಯಾಳಿಸುತ್ತಾನೆ; ತಿದ್ದಿದ ತಪ್ಪನ್ನೂ ನಾಲ್ವರ ಮುಂದೆ ಮತ್ತೆ ಮತ್ತೆ ಎತ್ತಿ ಆಡುತ್ತಾನೆ. ಈ ಭೇದವನ್ನರಿಯದೆ ರಾಜೀನಾಮೆಗೆ ಕೈಯಿಡತಕ್ಕದ್ದಲ್ಲ.

ಈ ಭೇದವನ್ನರಿಯುವುದಕ್ಕೆ ನಮ್ಮಲ್ಲಿ ಒಂದು ಪುರಾತನವಾದ ಅಳತೆಗೋಲು ಉಂಟು. ಮೈಸೂರಿನ ಪ್ರಾಚ್ಯಪುಸ್ತಕಾಲಯಕ್ಕೆ ದೊರೆತ ಹಸ್ತಪ್ರತಿಯಿಂದ ಪಂಡಿತ ಆರ್. ಶಾಮಶಾಸ್ತ್ರಿಗಳು ಶೋಧಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ರಾಜರಿಗೆ ಮಾತ್ರ ಸೇರಿದ ಗ್ರಂಥವೆಂದು ಜನರು ತಿಳಿಯುತ್ತಾರೆ. ಅದರ ಐದನೆಯ ಅಧಿಕರಣದಲ್ಲಿ ಸೇವಕನು ಒಡೆಯನ ಬಳಿ ಹೇಗಿರಬೇಕು, ಒಡೆಯನ ಮನಸ್ಸು ತಿರುಗಿತೆಂಬುದನ್ನು ಹೇಗೆ ತಿಳಿಯಬೇಕು, ಯಾವಾಗ ಬಿಟ್ಟು ಹೋಗಬೇಕು ಎಂಬ ವಿಚಾರಗಳಿವೆ. ಕಂಡಾಗ ಸಿಡುಕುವುದು, ಹೇಳಿದ್ದನ್ನು ಕೇಳದಿರುವುದು ಅಥವಾ ಹೇಳದಂತೆ ತಡೆಯುವುದು, ಆಸನವನ್ನೂ ದೃಷ್ಟಿಯನ್ನೂ ಕೊಡದಿರುವುದು, ವಿದ್ಯೆಯನ್ನೂ ಕುಲವನ್ನೂ ದೇಶವನ್ನೂ ಹಳಿಯುವುದು, ಚೆನ್ನಾಗಿ ಮಾಡಿದ್ದನ್ನು ಕಾಣದಿರುವುದು, ಕೆಟ್ಟದ್ದನ್ನೇ ಹಾಡುತ್ತಿರುವುದು, ಸುಳ್ಳಾಡುವುದು, ಇವೇ ಮೊದಲಾದವು ಒಡೆಯನ ಅತುಷ್ಟಿಯ ಚಿಹ್ನೆಗಳೆಂದು ಕೌಟಿಲ್ಯನು ಎಣಿಸುತ್ತಾನೆ. ಈ ಪಟ್ಟಿಯನ್ನು ಇಂದಿನ ಯಾವ ಕಚೇರಿಯ ಗೋಡೆಗಾದರೂ ಅಂಟಿಸಬಹುದು!

ನನ್ನಲ್ಲಿ ಓದಿದ ಹುಡುಗಿಯೊಬ್ಬಳು ಬೆಂಗಳೂರಿನ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದಳು. ಅವಳ ಮೇಲಧಿಕಾರಿಯು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಲೆಕ್ಕ ಕೇಳುವನು. ಬೆಳಗ್ಗೆ ಎಲ್ಲರ ಮುಂದೆ ಅವಳ ಘಟ್ಟದ ಕೆಳಗಿನ ಕನ್ನಡವನ್ನು ಅಣಕಿಸುವನು. ಅವಳು ಮಾಡಿದ ಕೆಲಸವನ್ನು ತನ್ನದೆಂದು ಮೇಲಿನವರಿಗೆ ತೋರಿಸುವನು. ಕೌಟಿಲ್ಯನ ಪಟ್ಟಿಯಲ್ಲಿ ಅರ್ಧವು ಅಲ್ಲಿಯೇ ತುಂಬಿತು. ಅವಳು ರಜೆಯಲ್ಲಿ ಊರಿಗೆ ಬಂದಾಗ ನಿದ್ರೆಯಿಲ್ಲದೆ ಕಣ್ಣು ಗುಳಿಬಿದ್ದಿದ್ದವು.

ಮೂರು ದಾರಿಗಳು

ಅರ್ಥಮಾನಗಳಿಗೆ ಹಾನಿ ಬಂದಾಗ ಸೇವಕನಿಗೆ ಮೂರು ದಾರಿಗಳನ್ನು ಕೌಟಿಲ್ಯನು ಹೇಳುತ್ತಾನೆ: ಒಡೆಯನನ್ನು ಬಿಡುವುದು, ಇಲ್ಲವೆ ಅವನ ಶೀಲವನ್ನೂ ತನ್ನ ದೋಷವನ್ನೂ ವಿಚಾರಿಸಿ ಸರಿಪಡಿಸಿಕೊಳ್ಳುವುದು, ಇಲ್ಲವೆ ಒಡೆಯನಿಗೆ ಹತ್ತಿರದವನಾದ ಮಿತ್ರನನ್ನು ಆಶ್ರಯಿಸುವುದು. ಬಿಡುವ ಮೊದಲು ಉಳಿದೆರಡನ್ನು ಪರೀಕ್ಷಿಸುವುದು ಗೃಹಸ್ಥರಾದ ನಮಗೆ ಯುಕ್ತವು. ನಮ್ಮ ಹುಡುಗಿಯು ತನ್ನ ಕೆಲಸವನ್ನು ಹಿರಿಯ ಸಹೋದ್ಯೋಗಿಯೊಬ್ಬರಿಗೆ ತೋರಿಸಿ ದೋಷವಿದೆಯೇ ಎಂದು ಕೇಳಿದಳು, ವಿಶೇಷವಾಗಿ ಇರಲಿಲ್ಲ. ಅನಂತರ ಸಿಬ್ಬಂದಿ ವಿಭಾಗಕ್ಕೆ ತಾರೀಕುಗಳ ಸಹಿತ ಬರೆದುಕೊಟ್ಟಳು. ಅಲ್ಲಿಂದ ನಯವಾದ ಮಾತಲ್ಲದೆ ಬೇರೇನೂ ಬರಲಿಲ್ಲ. ಆಗ ಉಳಿದದ್ದು ಬಿಡುವ ದಾರಿಯೊಂದೇ.

ಇರುವಷ್ಟು ದಿನ ಇರುವ ಬಗೆ

ಬಿಡುವುದೆಂದು ನಿಶ್ಚಯಿಸಿದ ಮೇಲೆ ಇರುವ ದಿನಗಳೇ ಕಷ್ಟತಮವಾದವು. ಇದಕ್ಕೆ ವಿರಾಟಪರ್ವಕ್ಕಿಂತ ಒಳ್ಳೆಯ ಪಾಠವಿಲ್ಲ. ನಮ್ಮ ಜಿಲ್ಲೆಯ ಯಕ್ಷಗಾನದ ಆಟಗಳಲ್ಲಿ ಕೀಚಕವಧೆಯನ್ನು ನೋಡದವರು ವಿರಳ. ಆದರೆ ಅದು ಉದ್ಯೋಗಸ್ಥರ ಕಥೆಯೆಂಬುದನ್ನು ಯೋಚಿಸಿದವರೂ ವಿರಳ. ಪಾಂಡವರು ವಿರಾಟನ ಊಳಿಗಕ್ಕೆ ಸೇರುವ ಮುನ್ನ ಪುರೋಹಿತನಾದ ಧೌಮ್ಯನು ಅವರಿಗೆ ಸೇವಾಧರ್ಮವನ್ನು ತಿಳಿಸಿದನು. ಕೇಳದೆ ಬುದ್ಧಿ ಹೇಳಬೇಡಿರಿ, ಗುಟ್ಟನ್ನು ಹೊರಗೆಡಹಬೇಡಿರಿ, ಒಡೆಯನ ಹಗೆಗಳೊಡನೆ ಕೂಡಬೇಡಿರಿ, ಅತಿಯಾಗಿ ನಗಬೇಡಿರಿ ಎಂಬುದು ಅದರ ಸಾರ. ದ್ರೌಪದಿಯು ಸುದೇಷ್ಣೆಯ ಬಳಿ ಸೈರಂಧ್ರಿಯಾಗಿ ನಿಂತಾಗ, ತಾನು ಎಂಜಲನ್ನು ಮುಟ್ಟುವವಳಲ್ಲ, ಕಾಲು ತೊಳೆಯುವವಳಲ್ಲ ಎಂದು ಮೊದಲೇ ಸ್ಪಷ್ಟಪಡಿಸಿದಳು. ಅವಧಿ ಒಂದು ವರ್ಷ, ಕೆಲಸದ ಎಲ್ಲೆ ನಿಶ್ಚಿತ, ನಡತೆ ಎಚ್ಚರದ್ದು. ಇದೇ ಕ್ರಮವು ನಮಗೂ ಸಾಕು.

ಇದನ್ನು ಇಂದಿನ ಮಾತಿನಲ್ಲಿ ಹೇಳುವುದಾದರೆ: ಬಾಯಿಮಾತಿನಲ್ಲಿ ಬಂದ ಆಜ್ಞೆಯನ್ನು ಅಂದೇ ವಿನಯವಾಗಿ ಬರೆದು ಕಳುಹಿಸಿ ದೃಢಪಡಿಸಿಕೊಳ್ಳಬೇಕು. ನಡೆದ ಅವಮಾನವನ್ನು ತಾರೀಕು, ವೇಳೆ, ಎದುರಿಗಿದ್ದವರು ಇಷ್ಟನ್ನು ಹಾಕಿ ಸ್ವಂತ ಪುಸ್ತಕದಲ್ಲಿ ಬರೆದಿಡಬೇಕು. ಬಿಡುವ ಸಂಗತಿಯನ್ನು ಸಹೋದ್ಯೋಗಿಗಳಿಗೆ ಹೇಳಬಾರದು. ಕಚೇರಿಯ ಯಂತ್ರದಲ್ಲಿ ಹೊಸ ಕೆಲಸವನ್ನು ಹುಡುಕಬಾರದು. ಕೆಲಸದಲ್ಲಿ ಮಾತ್ರ ಸೋಮಾರಿತನ ಕೂಡದು. ಕೊನೆಯ ತಿಂಗಳಿನ ಕೆಟ್ಟ ಕೆಲಸವು ಹಿಂದಿನ ನಾಲ್ಕು ವರ್ಷಗಳ ಒಳ್ಳೆಯದನ್ನು ನುಂಗಿಬಿಡುತ್ತದೆ.

ಒಂದು ವಿಷಯದಲ್ಲಿ ತಾಳ್ಮೆಯೇ ಸಲ್ಲದು. ಕೀಚಕನು ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಒದೆದಾಗ ವಿರಾಟನು ನ್ಯಾಯ ಕೊಡಲಿಲ್ಲ. ಇಂದು ಸ್ತ್ರೀಯರಿಗೆ ಅಂಥ ಅಸಹಾಯಕತೆ ಇರಬೇಕಾದುದಿಲ್ಲ. 2013ರ ಕಾನೂನಿನಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಕಡೆಯಲ್ಲಿಯೂ ಲೈಂಗಿಕ ಕಿರುಕುಳದ ದೂರನ್ನು ವಿಚಾರಿಸುವ ಆಂತರಿಕ ಸಮಿತಿ ಇರತಕ್ಕದ್ದು. ಚಿಕ್ಕ ಕಚೇರಿಗಳವರಿಗೂ, ಧಣಿಯ ಮೇಲೆಯೇ ದೂರುಳ್ಳವರಿಗೂ ಜಿಲ್ಲೆಯ ಸ್ಥಳೀಯ ಸಮಿತಿಯುಂಟು. ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಇಲ್ಲಿ "ಹೊಂದಿಕೊಂಡು ಹೋಗು" ಎಂದು ಮಗಳಿಗೆ ಹೇಳುವ ತಾಯಿತಂದೆಗಳು ವಿರಾಟನ ಸಭೆಯವರಿಗಿಂತ ಮೇಲಲ್ಲ.

ಹಳೆಯ ಮರದಡಿಯ ಹೊಸ ಸಸಿ

ಅಡಕೆಯ ಕೃಷಿಕನು ಮುದಿತೋಟವನ್ನು ಒಂದೇ ದಿನ ಕಡಿದು ಹಾಕುವುದಿಲ್ಲ. ಹಳೆಯ ಮರಗಳ ನಡುವೆ ಎಳೆಯ ಸಸಿಗಳನ್ನು ನೆಡುತ್ತಾನೆ. ಅವು ಫಲ ಕೊಡಲು ಐದಾರು ವರ್ಷ ಬೇಕು. ಅಷ್ಟರವರೆಗೆ ಹಳೆಯ ಮರದ ಗೊನೆಯೇ ಮನೆಯನ್ನು ಸಾಕುತ್ತದೆ. ಉದ್ಯೋಗವನ್ನು ಬಿಡುವವನ ಕ್ರಮವೂ ಇದೇ ಆಗಿರಬೇಕು.

ಶ್ರೀ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಜೀವನದಲ್ಲಿ ಇದಕ್ಕೆ ನಿದರ್ಶನವುಂಟು. ಅವರು 1914ರಲ್ಲಿ ಮೈಸೂರು ಸರಕಾರದ ಸೇವೆಗೆ ಸೇರಿ ಉನ್ನತ ಹುದ್ದೆಗಳಿಗೇರಿದವರು. ತಮಗಿಂತ ಕಿರಿಯರಾದವರನ್ನು ತಮ್ಮ ಮೇಲಕ್ಕೇರಿಸಿದಾಗ, 1943ರಲ್ಲಿ, ಅವಧಿಗೆ ಮುಂಚೆಯೇ ಸೇವೆಯನ್ನು ಬಿಟ್ಟರು. ಅವರನ್ನು ಹೊರಡಿಸಿದ್ದು ಕ್ರೌರ್ಯವಲ್ಲ, ಮಾನಹಾನಿ. ಆದರೆ ಬಿಟ್ಟ ರೀತಿಯು ಎಲ್ಲರಿಗೂ ಪಾಠವು. ಅವರ ಸಣ್ಣಕತೆಗಳ ಮೊದಲ ಸಂಗ್ರಹವು 1920ರಲ್ಲಿಯೇ ಹೊರಬಿದ್ದಿತ್ತು. ಅಧಿಕಾರದಲ್ಲಿದ್ದ ಕಾಲವೆಲ್ಲ ಬರವಣಿಗೆಯ ಸಸಿಯನ್ನು ಅವರು ಬೆಳೆಸಿದ್ದರು. ಅದರಿಂದಲೇ ಬಿಟ್ಟ ಮರುವರ್ಷ "ಜೀವನ" ಪತ್ರಿಕೆಯ ಭಾರವನ್ನು ಹೊರಲು ಸಾಧ್ಯವಾಯಿತು. "ಚಿಕವೀರ ರಾಜೇಂದ್ರ"ವು ಬಂದದ್ದೂ, ಅದಕ್ಕೆ 1983ರ ಜ್ಞಾನಪೀಠ ಪ್ರಶಸ್ತಿಯು ಲಭಿಸಿದ್ದೂ ಆ ರಾಜೀನಾಮೆಯ ಅನಂತರವೇ.

"ಊರಿನಲ್ಲಿ ತೋಟವಿದೆಯಲ್ಲ" ಎಂಬ ಧೈರ್ಯವನ್ನೂ ಅಳೆದು ನೋಡಬೇಕು. ಸುಳ್ಯದ ಸಂಪಾಜೆ, ಅರಂತೋಡು ಕಡೆಗಳಲ್ಲಿ ಹಳದಿ ರೋಗವು ತೋಟಗಳನ್ನು ಏನು ಮಾಡಿದೆಯೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಲೆಕ್ಕದ ಮಾತು

ಬಿಡುವ ಮೊದಲು ಮನೆಯವರು ಒಂದು ರಾತ್ರಿ ಕಾಗದ ಹಿಡಿದು ಕುಳಿತುಕೊಳ್ಳಬೇಕು. ಆರು ತಿಂಗಳ ಮನೆವೆಚ್ಚವೂ ಸಾಲದ ಕಂತೂ ಕೈಯಲ್ಲಿವೆಯೇ? ಕಚೇರಿಯ ಆರೋಗ್ಯವಿಮೆಯು ಕೆಲಸದೊಡನೆಯೇ ಸಾಮಾನ್ಯವಾಗಿ ಮುಗಿಯುವುದು; ಹೊಸ ವಿಮೆಯಲ್ಲಿ ಮೊದಲೇ ಇದ್ದ ರೋಗಗಳಿಗೆ ಕಾಯುವ ಅವಧಿ ಇರುವುದರಿಂದ ಮನೆಯ ವಿಮೆಯನ್ನು ಬಿಡುವ ಮೊದಲೇ ಮಾಡಿಸುವುದು ಲೇಸು. ಭವಿಷ್ಯನಿಧಿಯ ಹಣವನ್ನು ಅವಸರದಿಂದ ತೆಗೆಯಬೇಕಾಗಿಲ್ಲ. ಖಾತೆಯ ಸಂಖ್ಯೆಯು ಒಂದೇ ಇದ್ದು ಹೊಸ ಕೆಲಸಕ್ಕೆ ಅದನ್ನು ವರ್ಗಾಯಿಸಬಹುದು. ಮೂಲ ಅಂಕಪಟ್ಟಿಗಳನ್ನು ಧಣಿಯ ಕಪಾಟಿನಲ್ಲಿ ಒತ್ತೆಯಿಟ್ಟಿದ್ದರೆ ಮೊದಲು ಅವನ್ನು ಮನೆಗೆ ತರಬೇಕು. ನೇಮಕದ ಪತ್ರದಲ್ಲಿ ಎಷ್ಟು ದಿನ ಮುಂಚಿತವಾಗಿ ತಿಳಿಸಬೇಕೆಂದಿದೆಯೋ ಓದಿ ನೋಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನಸಂಹಿತೆಯು ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆನ್ನುತ್ತದೆ.

ನಮ್ಮ ಹುಡುಗಿಯ ಮನೆಯಲ್ಲಿ ದೊಡ್ಡ ಚರ್ಚೆಯು ನಡೆದುದು ಗ್ರಾಚ್ಯುಟಿಯ ವಿಷಯದಲ್ಲಿ. ಕಾಯಂ ನೌಕರರಿಗೆ ಐದು ವರ್ಷದ ಸತತ ಸೇವೆಯಾದರೆ, ವರ್ಷವೊಂದಕ್ಕೆ ಹದಿನೈದು ದಿನಗಳ ವೇತನದಂತೆ, ತಿಂಗಳಿಗೆ ಇಪ್ಪತ್ತಾರು ದಿನಗಳ ಲೆಕ್ಕದಲ್ಲಿ, ಆ ಹಣ ದೊರೆಯುತ್ತದೆ. ಅವಳ ವೇತನವು 30,000 ರೂಪಾಯಿ. ಐದು ವರ್ಷಕ್ಕೆ ಸುಮಾರು 86,500 ರೂಪಾಯಿ. ಅವಳಿಗೆ ಆಗಿದ್ದುದು ನಾಲ್ಕು ವರ್ಷ, ಒಂದು ತಿಂಗಳು. ತಂದೆಯು "ಇನ್ನು ಹನ್ನೊಂದು ತಿಂಗಳು ಕಣ್ಣು ಮುಚ್ಚಿಕೊಂಡಿರು ಮಗಾ" ಎಂದರು. ತೋಟದ ಉತ್ಪತ್ತಿ ಇಳಿದಿತ್ತು, ಮಗನ ಕಾಲೇಜಿನ ಶುಲ್ಕವಿತ್ತು. ಅವರ ಮಾತು ದುರಾಶೆಯದಲ್ಲ. ತಾಯಿಯು ಮಾತ್ರ, "ಕಣ್ಣು ಮುಚ್ಚಿದರೆ ನಿದ್ರೆ ಬರುವುದಾಗಿದ್ದರೆ ಇರಬಹುದಿತ್ತು" ಎಂದರು. ಅವಳು ನಾಲ್ಕು ತಿಂಗಳಿದ್ದು, ಮಂಗಳೂರಿನಲ್ಲಿ ಸ್ವಲ್ಪ ಕಡಿಮೆ ಸಂಬಳದ ಕೆಲಸವನ್ನು ದೊರಕಿಸಿಕೊಂಡು, ಆ ಹಣವನ್ನು ಬಿಟ್ಟುಕೊಟ್ಟು ಹೊರಬಿದ್ದಳು. ತಮ್ಮನ ಶುಲ್ಕಕ್ಕೆ ಸಹಕಾರಿ ಸಂಘದಲ್ಲಿ ಸಾಲ ಮಾಡಿದರು. ಎಲ್ಲರಿಗೂ ಇದೇ ಉತ್ತರವೆಂದು ನಾನು ಹೇಳಲಾರೆ. ಶರೀರವು ತಡೆಯುವುದಾದರೆ ಹನ್ನೊಂದು ತಿಂಗಳು ಇರುವುದೂ ವಿವೇಕವೇ. ಆದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ಹಣವನ್ನಿಟ್ಟವರು ಇನ್ನೊಂದರಲ್ಲಿ ನಿದ್ರೆಯನ್ನು ಇಡಲು ಮರೆಯಬಾರದು.

ನಿದ್ರೆಯೂ ಆಹಾರವೂ ಕೆಟ್ಟು, ಜೀವನದಲ್ಲಿಯೇ ಜುಗುಪ್ಸೆ ಹುಟ್ಟುವ ಮಾತು ಬಂದರೆ ಲೆಕ್ಕವನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿಮಾನಸ್ ಎಂಬ ಸರಕಾರಿ ವ್ಯವಸ್ಥೆಯಲ್ಲಿ 14416 ಎಂಬ ಸಂಖ್ಯೆಗೆ ಹಗಲಿರುಳು ಫೋನ್ ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಬಿಡುವ ದಿನ

ರಾಜೀನಾಮೆಯ ಪತ್ರವು ನಾಲ್ಕು ಸಾಲಿನದಾಗಿರಲಿ. ಅದರಲ್ಲಿ ದೂರು ಬೇಡ, ವ್ಯಂಗ್ಯ ಬೇಡ. ತಾರೀಕು, ಕೊನೆಯ ದಿನ, ಒಂದು ವಂದನೆ ಸಾಕು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವೆಂಬ ಗಾದೆ ಇಲ್ಲಿಗೆ ತಕ್ಕುದು. ಬಿಟ್ಟು ಹೋದವನು ದೂರದಲ್ಲಿದ್ದು ಮಿತ್ರರ ಮೂಲಕ ಮನಸ್ತಾಪವನ್ನು ತೊಳೆಯಿಸಬೇಕು, ಆ ಒಡೆಯನು ಇರುವಾಗಲಾಗಲಿ ಅವನ ಅನಂತರವಾಗಲಿ ಮರಳಿ ಬರಬಹುದು ಎಂದು ಕೌಟಿಲ್ಯನೂ ಹೇಳಿ ಪ್ರಕರಣವನ್ನು ಮುಗಿಸುತ್ತಾನೆ. ಕಚೇರಿ ಒಡೆಯನಿಗಿಂತ ದೊಡ್ಡದು. ಅಲ್ಲಿಯ ಸಜ್ಜನರು ನಾಳೆ ನಮಗೆ ಸಾಕ್ಷಿಗಳಾಗಬೇಕಾದವರು. ಕೀಚಕನ ವಧೆಯಾದ ಮೇಲೆ ಸುದೇಷ್ಣೆಯು ಹೊರಟು ಹೋಗೆಂದಾಗ ದ್ರೌಪದಿಯೂ ಜಗಳವಾಡಲಿಲ್ಲ. ಇನ್ನು ಹದಿಮೂರು ದಿನಗಳಷ್ಟೇ ಎಂದು ಶಾಂತವಾಗಿ ಕೇಳಿಕೊಂಡು ಅವಧಿಯನ್ನು ಪೂರೈಸಿದಳು.

ಗೃಹಸ್ಥರಾದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಸೇವೆಯು ಬೆಂಕಿಯಂತೆ, ಬೆಂಕಿಯಾದರೋ ಒಬ್ಬನನ್ನು ಸುಟ್ಟೀತು, ಒಡೆಯನ ಕೋಪವು ಮಡದಿಮಕ್ಕಳನ್ನೂ ಸುಟ್ಟೀತೆಂದು ಅದೇ ಗ್ರಂಥದಲ್ಲಿದೆ. ಉರಿಯು ಮನೆಮಂದಿಗೆಲ್ಲ ತಗಲುವುದಾದರೆ ನೀರು ಹೊರುವುದೂ ಮನೆಮಂದಿಯೆಲ್ಲರ ಕೆಲಸ. ಪರವೂರಿನಲ್ಲಿರುವ ಮಗನೋ ಮಗಳೋ ಸೊಸೆಯೋ ಫೋನಿನಲ್ಲಿ ಮಾತು ಕಡಿಮೆ ಮಾಡಿದರೆ, ಸಂಬಳ ಬಂತೇ ಎಂದು ಕೇಳುವ ಮೊದಲು ನಿದ್ರೆ ಬಂತೇ ಎಂದು ಕೇಳಿರಿ.