ಪೋಲಿಷ್ ಭಾಷೆಯ ‘ವ್’ ಮತ್ತು ‘ನಾ’

‘ಮನೆಯಲ್ಲಿ’, ‘ಮನೆಗೆ’, ‘ಮನೆಯಿಂದ’ ಎಂದು ಕನ್ನಡದಲ್ಲಿ ನಾವು ಸ್ಥಳಸಂಬಂಧವನ್ನು ನಾಮಪದದ ಕೊನೆಗೆ ಪ್ರತ್ಯಯವನ್ನು ಹಚ್ಚಿ ಸೂಚಿಸುತ್ತೇವೆ. ಇಂಗ್ಲಿಷಿನಲ್ಲಿ ಈ ಕೆಲಸ ನಾಮಪದಕ್ಕೆ ಮೊದಲು ಬರುವ ‘ಇನ್’, ‘ಆನ್’ ಮೊದಲಾದ ಪ್ರಿಪೊಸಿಷನ್‌ಗಳದು. ಪೋಲೆಂಡ್ ದೇಶದ ಪೋಲಿಷ್ ಭಾಷೆಯಲ್ಲಾದರೋ ಈ ಎರಡು ಏರ್ಪಾಡುಗಳೂ ಜೊತೆಗೂಡಿವೆ. ನಾಮಪದಕ್ಕೆ ಮೊದಲು ಒಂದು ಪುಟ್ಟ ಪ್ರಿಪೊಸಿಷನ್. ಅದು ವಿಧಿಸಿದಂತೆ ನಾಮಪದದ ಕೊನೆಯಲ್ಲಿ ಒಂದು ವಿಭಕ್ತಿ. ಅಲ್ಲಿಯ ವಿಭಕ್ತಿಗಳು 7.

ಬೆಕ್ಕು ಮೇಜಿನ ಮೇಲೆ ಕುಳಿತಿದೆ. ಬೆಕ್ಕು ಮೇಜಿನ ಮೇಲೆ ಹಾರುತ್ತದೆ. ಎರಡು ಕಡೆಯೂ ನಮಗೆ ‘ಮೇಲೆ’ ಎಂದರೆ ಸಾಕು. ಪೋಲಿಷ್ ಭಾಷೆಯಲ್ಲೂ ಎರಡು ಕಡೆ ‘ನಾ’ ಎಂಬ ಪ್ರಿಪೊಸಿಷನ್ ಒಂದೇ. ಆದರೆ ಬೆಕ್ಕು ಕುಳಿತಿದ್ದರೆ ‘ನಾ ಸ್ತೋಲೆ’, ಹಾರುವಾಗ ‘ನಾ ಸ್ತೂವ್’. ಸ್ಥಿತಿಗೆ ನಮ್ಮ ಸಪ್ತಮಿಯನ್ನು ಹೋಲುವ ವಿಭಕ್ತಿ, ಗತಿಗೆ ದ್ವಿತೀಯೆ. ಚಲನೆಯುಂಟೋ ಇಲ್ಲವೋ ಎಂಬುದನ್ನು ನಾಮಪದದ ಕೊನೆಯೇ ತಿಳಿಸುತ್ತದೆ.

‘ವ್’ ಎಂದರೆ ‘ಒಳಗೆ’. ಸಾಮಾನ್ಯವಾಗಿ ದೇಶಗಳ ಹೆಸರಿಗೆ ಇದೇ ಸಲ್ಲುತ್ತದೆ. ‘ಭಾರತದಲ್ಲಿ’ ಎಂಬುದು ‘ವ್ ಇಂಡ್ಯಾಖ್’. ಕ್ಯೂಬಾ, ಮಾಲ್ಟಾಗಳಂಥ ದ್ವೀಪಗಳಿಗೂ ಸಿಲೇಸಿಯಾದಂಥ ಪ್ರಾಂತ್ಯಗಳಿಗೂ ‘ನಾ’ ಬರುತ್ತದೆ. ಹಂಗೆರಿ, ಲಿಥುವೇನಿಯಾ, ಉಕ್ರೇನ್ ಮುಂತಾದ ಕೆಲವು ದೇಶಗಳಿಗೂ ರೂಢಿಯಿಂದ ‘ನಾ’ ಎಂಬುದೇ ನಿಂತಿದೆ. ಇವುಗಳ ಪೈಕಿ ಲಿಥುವೇನಿಯಾವೂ ಉಕ್ರೇನಿನ ಬಹುಭಾಗವೂ ಒಂದು ಕಾಲದಲ್ಲಿ ಪೋಲೆಂಡಿನೊಡನೆ ಒಂದೇ ರಾಜ್ಯದಲ್ಲಿ ಸೇರಿದ್ದುವೆಂಬುದನ್ನು ಇಲ್ಲಿ ನೆನೆಯಬೇಕು.

1991ರಲ್ಲಿ ಉಕ್ರೇನ್ ಸ್ವತಂತ್ರವಾಯಿತು. ಪ್ರಾಂತ್ಯಗಳಿಗೆ ಸಲ್ಲುವ ‘ನಾ’ ತಮ್ಮ ದೇಶವನ್ನೂ ಇನ್ನೊಬ್ಬರ ಪ್ರಾಂತ್ಯವೆಂಬಂತೆ ಕಾಣಿಸುತ್ತದೆಂದು ಅಲ್ಲಿಯ ಅನೇಕರಿಗೆ ನೋವಾಗುತ್ತಿತ್ತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಯುದ್ಧಕ್ಕೆ ತೊಡಗಿದಾಗ ಲಕ್ಷಾಂತರ ನಿರಾಶ್ರಿತರು ಪೋಲೆಂಡಿಗೆ ಬಂದರು. ‘ನಾ ಉಕ್ರಾಯಿನ್ಯೆ’ ಎಂದು ಹೇಳುತ್ತಿದ್ದ ಪೋಲಿಷರಲ್ಲಿ ಅನೇಕರು ‘ವ್ ಉಕ್ರಾಯಿನ್ಯೆ’ ಎನ್ನತೊಡಗಿದರು. ಅದೇ ವರ್ಷ ಪೋಲಿಷ್ ಭಾಷಾ ಮಂಡಲಿಯು ಎರಡು ರೂಪಗಳೂ ಶುದ್ಧವೆಂದು ಒಪ್ಪಿ, ‘ವ್’ ರೂಪವನ್ನೇ ಹೆಚ್ಚಾಗಿ ಬಳಸುವಂತೆ ಜನರನ್ನು ಪ್ರೋತ್ಸಾಹಿಸಿತು.

ವ್ಯಾಕರಣದ ನಿಯಮಗಳು ಬಹುಮಟ್ಟಿಗೆ ರೂಢಿಯಿಂದ ಹುಟ್ಟಿದವು. ರೂಢಿಯಾದರೋ ಆಡುವವರ ಮನಸ್ಸನ್ನು ಅನುಸರಿಸುತ್ತದೆ. ಒಂದೇ ವ್ಯಂಜನದ ‘ವ್’ ಎಂಬ ಪದದಲ್ಲಿ ನೆರೆಯ ದೇಶದ ಮಾನವನ್ನು ಮನ್ನಿಸಲು ಎಡೆಯುಂಟೆಂದು ಪೋಲಿಷರು ಕಂಡುಕೊಂಡರು. ಪರಭಾಷೆಯ ವಿಭಕ್ತಿಗಳನ್ನು ಬಾಯಿಪಾಠ ಮಾಡುವಾಗ ನಾವು ಇದನ್ನು ಮರೆಯದಿರೋಣ.