ಕಾವಲು ನಿಂತವನು ಗುರುವಾದ ಬಗೆ

ಕಾಲ್ಚೆಂಡಿನಾಟದಲ್ಲಿ ಗೋಲು ಹೊಡೆದವನ ಹೆಸರು ಊರೂರಿಗೆ ಹಬ್ಬುತ್ತದೆ; ಗೋಲಾಗದಂತೆ ತಡೆದವನ ಹೆಸರು ಆಟದ ಬಯಲಿನಲ್ಲಿಯೇ ಉಳಿದುಹೋಗುತ್ತದೆ. ಗೋಪುರದ ಕಳಸಕ್ಕೆ ಕೈಮುಗಿಯುವ ಜನರು ಅಡಿಗಲ್ಲನ್ನು ನೆನೆಯುವುದು ಅಪರೂಪವಷ್ಟೆ. ಅಂತಹ ಅಡಿಗಲ್ಲಿನ ಪಂಗಡಕ್ಕೆ ಸೇರಿದ ಫ್ರೆಂಚ್ ಆಟಗಾರನೊಬ್ಬನ ವೃತ್ತಾಂತದಲ್ಲಿ ಆಟವನ್ನು ಮೀರಿದ ಪಾಠಗಳಿರುವುದರಿಂದ ಅದನ್ನು ವಾಚಕರ ಮುಂದಿಡುತ್ತೇವೆ.

ವಿಲ್ಲಿ ಸಾನ್ಯೋಲ್ ಎಂಬಾತನು 1977ರಲ್ಲಿ ಫ್ರಾನ್ಸಿನ ಸೇಂತ್ ಎತಿಯೆನ್ ಪಟ್ಟಣದಲ್ಲಿ ಹುಟ್ಟಿದನು. ಅದು ಕಲ್ಲಿದ್ದಲಿನ ಗಣಿಗಳಿಂದ ಬೆಳೆದ, ಕಾಲ್ಚೆಂಡಿನ ಹುಚ್ಚು ಹಿಡಿದ ಊರು. ಊರಿನ ತಂಡದಲ್ಲಿ ಆಟಕ್ಕಿಳಿದ ಆತನು 1997ರಲ್ಲಿ ಮೊನಾಕೊ ತಂಡವನ್ನು ಸೇರಿ, 2000ದಲ್ಲಿ ಅದರೊಡನೆ ಫ್ರಾನ್ಸಿನ ಲೀಗ್ ಪ್ರಶಸ್ತಿಯನ್ನು ಗಳಿಸಿ, ಅದೇ ವರ್ಷ ಜರ್ಮನಿಯ ಬಾಯರ್ನ್ ಮ್ಯೂನಿಕ್ ತಂಡಕ್ಕೆ ಹೋದನು. ಬಲಗಡೆಯ ರಕ್ಷಕನ ಸ್ಥಾನ ಆತನದು. ಎದುರಾಳಿಯ ದಾಳಿಯನ್ನು ತಡೆಯುವುದು, ತಡೆದೊಡನೆ ಅಂಚಿನುದ್ದಕ್ಕೂ ಓಡಿ ಚೆಂಡನ್ನು ಗೋಲಿನ ಮುಂದಕ್ಕೆ ತೂರುವುದು, ಮತ್ತೆ ಹಿಂದಕ್ಕೋಡಿ ಬಂದು ಕಾವಲಿಗೆ ನಿಲ್ಲುವುದು: ಇದೇ ಅವನ ಕಾಯಕ. ಅಲ್ಲಿ ಐದು ಸಲ ಜರ್ಮನಿಯ ಲೀಗ್, 2001ರಲ್ಲಿ ಯೂರೋಪಿನ ಚಾಂಪಿಯನ್ಸ್ ಲೀಗ್ ಅವನ ಪಾಲಿಗೆ ಬಂದವು. ಸ್ವದೇಶದ ಪರವಾಗಿ 58 ಪಂದ್ಯಗಳನ್ನಾಡಿದನು.

2006ರ ಜುಲೈ 9ರಂದು ಬರ್ಲಿನ್ನಿನಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಫ್ರಾನ್ಸ್, ಇಟಲಿಗಳು 1-1ರಲ್ಲಿ ಸಮನಾಗಿ ನಿಂತು, ನಿರ್ಣಯವು ಪೆನಾಲ್ಟಿ ಒದೆತಗಳಿಗೆ ಬಿದ್ದಿತು. ಸಾನ್ಯೋಲನು ತನ್ನ ಒದೆತವನ್ನು ತಪ್ಪದೆ ಗೋಲಿಗೆ ಕಳುಹಿಸಿದನು; ಆದರೂ ತಂಡವು 5-3ರಲ್ಲಿ ಸೋತಿತು. ತನ್ನ ಕರ್ತವ್ಯವನ್ನು ಮಾಡಿಯೂ ಫಲವನ್ನು ಕಾಣದಿರುವುದು ಏನೆಂಬುದನ್ನು ಆತನು ಅಂದು ಅರಿತಿರಬೇಕು. ಹಿಮ್ಮಡಿಯ ಗಾಯವು ಮಾಯದೆ 2009ರಲ್ಲಿ ಆಟವನ್ನೇ ಬಿಡಬೇಕಾಯಿತು.

ಗುರುವಿನ ಪದವಿಯು ಆತನಿಗೆ ಸುಲಭವಾಗಿ ದಕ್ಕಲಿಲ್ಲ. 2014ರಲ್ಲಿ ಬೋರ್ದೋ ತಂಡದ ಹೊಣೆ ಹೊತ್ತ ಕೆಲವೇ ತಿಂಗಳಿನಲ್ಲಿ, ಪತ್ರಿಕೆಯೊಂದರ ಓದುಗರೊಡನೆ ಮಾತನಾಡುತ್ತ, ಆಫ್ರಿಕದ ಆಟಗಾರನೆಂದರೆ ಅಗ್ಗಕ್ಕೆ ಸಿಗುವವನು, ಬಲಶಾಲಿ, ಕಾದಾಟಕ್ಕೆ ಸಿದ್ಧನೆಂದು ಹೇಳಿ, ಆದರೆ ಆಟಕ್ಕೆ ಬುದ್ಧಿ, ಶಿಸ್ತುಗಳೂ ಬೇಕೆಂದು ಸೇರಿಸಿದನು. ಫ್ರಾನ್ಸಿನಲ್ಲೆಲ್ಲ ಪ್ರತಿಭಟನೆಯೆದ್ದಿತು. ಆತನು ಕ್ಷಮೆ ಕೇಳಿ, ತಾನು ಹೇಳಿದ್ದು ಆಟದ ತಂತ್ರದ ಬುದ್ಧಿಯನ್ನು ಕುರಿತೆಂದು ಸಮಜಾಯಿಷಿ ಕೊಟ್ಟನು. ಸಮಜಾಯಿಷಿಯು ನಮಗೆ ಸಾಲದೆನಿಸುತ್ತದೆ. ತೋಳುಬಲವನ್ನು ಹೊಗಳುವ ನೆಪದಲ್ಲಿ ಬುದ್ಧಿಯನ್ನು ಅಲ್ಲಗಳೆಯುವ ಮಾತು ಪರರ ಆಳ್ವಿಕೆಯನ್ನು ಕಂಡ ನಾಡುಗಳಿಗೆ ಹೊಸದಲ್ಲ. ಅದರ ಕಹಿಯನ್ನು ನಾವೂ ಉಂಡವರೇ. 2016ರಲ್ಲಿ ಆ ಕೆಲಸವೂ ಹೋಯಿತು. 2017ರಲ್ಲಿ ಬಾಯರ್ನ್ ತಂಡವನ್ನು ಒಂದೇ ಪಂದ್ಯದ ಮಟ್ಟಿಗೆ ನಡೆಸಿದ್ದು ಬಿಟ್ಟರೆ ಮುಂದೆ ಕೆಲಕಾಲ ಆತನಿಗೆ ಹೆಚ್ಚಿನ ಹೊಣೆ ಸಿಕ್ಕಲಿಲ್ಲ.

2021ರಲ್ಲಿ ಆತನನ್ನು ಕರೆದದ್ದು ಜಾರ್ಜಿಯಾ. ಸುಮಾರು 37 ಲಕ್ಷ ಜನರ ಆ ಪುಟ್ಟ ನಾಡು 1921ರಲ್ಲಿ ಕೆಂಪು ಸೇನೆಗೆ ಸ್ವಾತಂತ್ರ್ಯವನ್ನು ಕಳೆದುಕೊಂಡು 1991ರಲ್ಲಿ ಮರಳಿ ಪಡೆದದ್ದು. 1981ರಲ್ಲಿ ಟಿಬಿಲಿಸಿಯ ದಿನಾಮೊ ತಂಡವು ಯೂರೋಪಿನ ಕಪ್ಪನ್ನು ಗೆದ್ದಾಗಲೂ ಆ ಕೀರ್ತಿಯು ಸೋವಿಯತ್ ಲೆಕ್ಕಕ್ಕೆ ಸೇರಿತ್ತು. ಸ್ವತಂತ್ರವಾದ ಮೇಲೆ ದೊಡ್ಡ ಸ್ಪರ್ಧೆಯೊಂದಕ್ಕೂ ಅದಕ್ಕೆ ಪ್ರವೇಶ ದೊರೆತಿರಲಿಲ್ಲ.

2023ರ ಸೆಪ್ಟೆಂಬರಿನಲ್ಲಿ ಸ್ಪೇನ್ ತಂಡವು ಟಿಬಿಲಿಸಿಗೇ ಬಂದು ಜಾರ್ಜಿಯಾವನ್ನು 7-1ರಲ್ಲಿ ಸೋಲಿಸಿತು. ನಾಡು ಗುರುವನ್ನು ಕೈಬಿಡಲಿಲ್ಲ. ಗುರುವೂ ಶಿಷ್ಯರನ್ನು ಕೈಬಿಡಲಿಲ್ಲ. 2024ರ ಮಾರ್ಚ್ 26ರಂದು ಅದೇ ಪಟ್ಟಣದಲ್ಲಿ ಗ್ರೀಸಿನೊಡನೆ ಗೋಲಿಲ್ಲದೆ ಮುಗಿದ ಪಂದ್ಯವು ಮತ್ತೆ ಪೆನಾಲ್ಟಿಗಳಿಗೆ ಬಂದಿತು. ಬರ್ಲಿನ್ನಿನಲ್ಲಿ ತಾನೇ ಒದ್ದವನು ಇಲ್ಲಿ ಗೆರೆಯಾಚೆ ನಿಂತು ನೋಡಬೇಕಾಯಿತು. ಜಾರ್ಜಿಯಾ 4-2ರಲ್ಲಿ ಗೆದ್ದು ಮೊದಲ ಬಾರಿಗೆ ಯೂರೋಪಿನ ಮಹಾಸ್ಪರ್ಧೆಗೆ ಅರ್ಹವಾಯಿತು.

ಜರ್ಮನಿಯ ಆ ಸ್ಪರ್ಧೆಯಲ್ಲಿ ಸಾನ್ಯೋಲನು ಐವರನ್ನು ರಕ್ಷಣೆಗೆ ನಿಲ್ಲಿಸಿ, ಚೆಂಡು ಸಿಕ್ಕೊಡನೆ ವೇಗವಾಗಿ ಮುನ್ನುಗ್ಗುವಂತೆ ತಂಡವನ್ನು ಅಣಿಗೊಳಿಸಿದನು. ಜೂನ್ 26ರಂದು ಪೋರ್ತುಗಲ್ 2-0ರಲ್ಲಿ ಸೋತಿತು. ಗುಂಪಿನಲ್ಲಿ ಆಗಲೇ ಮೊದಲ ಸ್ಥಾನವನ್ನು ಪಡೆದಿದ್ದ ಪೋರ್ತುಗಲ್ ಹಲವರಿಗೆ ವಿಶ್ರಾಂತಿ ಕೊಟ್ಟಿದ್ದುದು ನಿಜ. ಅದರಿಂದ ಗೆದ್ದವರ ಶೌರ್ಯವೇನೂ ಕುಂದದು. ಮೊದಲ ಗೋಲು ಟಿಬಿಲಿಸಿಯಲ್ಲಿ ಹುಟ್ಟಿದ ಕ್ವಾರಾಟ್ಸ್‌ಖೇಲಿಯನದು. ಎರಡನೆಯದು ಫ್ರಾನ್ಸಿನಲ್ಲಿ ಹುಟ್ಟಿದ ಜಾರ್ಜಿಯಾ ವಂಶದ ಮಿಕೌಟಾಡ್ಜೆಯದು. ಮುಂದಿನ ಸುತ್ತಿನಲ್ಲಿ ಸ್ಪೇನಿಗೆ 4-1ರಲ್ಲಿ ಸೋತು ತಂಡವು ಮರಳಿತು.

ಒಮ್ಮೆ ಒಂದು ಖಂಡದ ಜನರ ಬುದ್ಧಿಯನ್ನು ಹಗುರವಾಗಿ ಎಣಿಸಿದವನು, ಜಗತ್ತು ಹಗುರವಾಗಿ ಎಣಿಸಿದ್ದ ನಾಡೊಂದರ ಬುದ್ಧಿಯನ್ನೂ ಶಿಸ್ತನ್ನೂ ನಂಬಿ ದುಡಿದು ಕೀರ್ತಿವಂತನಾದನು. ಇದನ್ನು ಪ್ರಾಯಶ್ಚಿತ್ತವೆನ್ನಲು ನಾವು ಯಾರು? ಆದರೆ ಹೊರಗಿನಿಂದ ಬಂದ ಗುರುವು ಒಂದು ಜನಾಂಗಕ್ಕೆ ಶಕ್ತಿಯನ್ನು ತಂದುಕೊಡಲಾರನು; ಅದರಲ್ಲಿ ಅಡಗಿರುವ ಶಕ್ತಿಯನ್ನು ನಂಬಿದರೆ ಸಾಕು. ಆ ನಂಬಿಕೆಯಿಲ್ಲದ ಪಾಂಡಿತ್ಯವು ಎಷ್ಟಿದ್ದರೂ ವ್ಯರ್ಥ.